ಕಾಲರ್ ಮುಗಿಯದೆ ತೋಳಿಲ್ಲ

ನಮ್ಮ ಬೀದಿಯ ಮಾತನ್ನು ನಂಬುವುದಾದರೆ, ಗುನುಗಿ ಬಾಯಿ ತೆರೆದಳೆಂದರೆ ಲೋಕದ ಸುಕ್ಕುಗಳೆಲ್ಲ ತಾವಾಗಿಯೇ ಬಿಟ್ಟುಕೊಳ್ಳುತ್ತವೆ. ಎದುರಿನ ಕ್ಷೌರದಂಗಡಿಯವನು ಕತ್ತರಿ ಮುಟ್ಟಿ ಹೇಳುತ್ತಾನೆ: ಅವಳ ಹಾಡು ಕೇಳುತ್ತ ಕುರ್ಚಿಯಲ್ಲಿ ಕೂತಿದ್ದ ಎಂಬತ್ತರ ಮುದುಕರೊಬ್ಬರ ಹಣೆಯ ಮೂರು ಗೆರೆಗಳು ಮಾಯವಾಗಿ, ಮನೆಗೆ ಹೋದರೆ ಗುರುತು ಸಿಗದೆ ಹೆಂಡತಿ ಬಾಗಿಲು ತೆರೆಯಲಿಲ್ಲವಂತೆ. ಮೂಲೆಮನೆಯ ತಗಡಿನ ಚಾವಣಿ ತನ್ನ ಏರಿಳಿತ ಕಳೆದುಕೊಂಡು ಕಾಗದದ ಹಾಳೆಯಂತೆ ಮಟ್ಟಸವಾಗಿ, ಆ ಮಳೆಗಾಲವಿಡೀ ನೀರು ಯಾವ ಕಡೆ ಹರಿಯಬೇಕೆಂದು ತಿಳಿಯದೆ ಮೇಲೆಯೇ ನಿಂತಿತ್ತಂತೆ. ಹನ್ನೆರಡು ವರ್ಷದಿಂದ ಒಬ್ಬರಿಗೊಬ್ಬರು ಮುಖ ಮುದುರಿಕೊಂಡಿದ್ದ ಅಣ್ಣತಮ್ಮಂದಿರಿಬ್ಬರು ಅಂಗಡಿಯ ಮುಂದೆ ಹಾದುಹೋಗುವಾಗ ನಕ್ಕರಂತೆ. ಇದನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಆದರೆ ಕಂಡವರನ್ನು ಕಂಡವರಿಗೆ ನಮ್ಮಲ್ಲಿ ಬರವಿಲ್ಲ.

ನಿಜ ಇಷ್ಟು ದೊಡ್ಡದಲ್ಲ. ಗುನುಗಿ ತನ್ನ ಸೋದರತ್ತೆಯ ಅಂಗಡಿಯಲ್ಲಿ ಬಟ್ಟೆಗೆ ಇಸ್ತ್ರಿ ಹಾಕುತ್ತಾಳೆ. ಹಾಕುತ್ತ ಹಾಡುತ್ತಾಳೆ. ಕೈ ನಿಂತರೆ ಹಾಡೂ ನಿಲ್ಲುತ್ತದೆ.

ಅಂಗಡಿ ಎಂದರೆ ಹತ್ತಡಿ ಅಗಲದ ಒಂದು ಕೋಣೆ. ನಡುವೆ ಒಂದು ಮೇಜು, ಅದರ ಮೇಲೆ ನಾಲ್ಕು ಪದರ ಹಳೆ ಕಂಬಳಿ, ಕಂಬಳಿಯ ತುಂಬ ಕಂದು ಸುಟ್ಟ ಗುರುತುಗಳು. ಅವು ಅತ್ತೆಯ ನಲವತ್ತು ವರ್ಷಗಳ ಮೈಮರೆವಿನ ಇತಿಹಾಸ. ಒಂದೊಂದಕ್ಕೂ ಅತ್ತೆಯ ಬಳಿ ಒಂದೊಂದು ಕಾರಣವಿದೆ, ಒಂದರಲ್ಲೂ ಅತ್ತೆಯ ತಪ್ಪಿಲ್ಲ. ಇಸ್ತ್ರಿಪೆಟ್ಟಿಗೆಯ ವಯರು ಚಾವಣಿಯ ಕೊಕ್ಕೆಯಿಂದ ಇಳಿಬಿದ್ದಿದೆ. ಗೋಡೆಗುಂಟ ಗಂಟುಗಳು, ಗಂಟಿಗೊಂದು ಚೀಟಿ. ಹಾಡಲು ನಿಂತವರ ಹಿಂದೆ ಸಾಮಾನ್ಯವಾಗಿ ಪರದೆ ಇರುತ್ತದೆ. ಗುನುಗಿಯ ಹಿಂದೆ ಊರಿನ ಪ್ಯಾಂಟುಗಳು ನೇತಾಡುತ್ತಿದ್ದವು.

ಅವಳು ಒಂಬತ್ತನೆಯ ವಯಸ್ಸಿಗೆ ಅತ್ತೆಯ ಮನೆಗೆ ಬಂದವಳು. ಅಪ್ಪನ ಮನೆಯಲ್ಲಿ ಮಕ್ಕಳು ಐವರು, ಮಂಚ ಎರಡು. ಅತ್ತೆಯ ಮನೆಯಲ್ಲಿ ಅತ್ತೆ ಒಬ್ಬಳೇ, ಬಟ್ಟೆ ಸಾವಿರ. ಶಾಲೆಯಲ್ಲಿ ಸಂಗೀತದ ಮೇಷ್ಟ್ರು ಎಲ್ಲ ಮಕ್ಕಳನ್ನೂ ಸಾಲಾಗಿ ನಿಲ್ಲಿಸಿ, ಕೈ ಕಟ್ಟಿಸಿ, ಹಾಡಿ ಎಂದರು. ಗುನುಗಿಯ ಗಂಟಲಿನಿಂದ ಒಂದು ಎಳೆಯೂ ಹೊರಡಲಿಲ್ಲ. ಮೂರು ವರ್ಷ ಅವಳ ಅಂಕಪಟ್ಟಿಯಲ್ಲಿ ಸಂಗೀತದ ಮುಂದೆ ಒಂದು ಅಡ್ಡಗೆರೆ ಇತ್ತು. ಅದೇ ಮೇಷ್ಟ್ರು ಒಂದು ಸಂಜೆ ತಮ್ಮ ಕೋಟು ಒಯ್ಯಲು ಅಂಗಡಿಗೆ ಬಂದು, ಒಳಗೆ ಯಾರೋ ಹಾಡುತ್ತಿರುವುದನ್ನು ಕೇಳಿ, ಹೊರಗೆ ನಿಂತು ತಲೆದೂಗಿ, 'ರೇಡಿಯೋ ಸ್ವಲ್ಪ ಜೋರಾಗಿ ಇಡಮ್ಮ' ಎಂದರು.

ಈಗ ಅವಳಿಗೆ ಇಪ್ಪತ್ತಮೂರು. ಕಟ್ಟಿದ ಹಾಡು ಎಪ್ಪತ್ತರ ಮೇಲೆ. ಛಂದಸ್ಸಿನ ಪಂಡಿತರು ಹಾಡನ್ನು ಮಾತ್ರೆಯಲ್ಲಿ ಅಳೆಯುತ್ತಾರೆ. ಗುನುಗಿ ಬಟ್ಟೆಯಲ್ಲಿ ಅಳೆಯುತ್ತಾಳೆ. ಅವಳ ಹಾಡುಗಳಲ್ಲಿ ಶರ್ಟಿನ ಹಾಡು, ಪ್ಯಾಂಟಿನ ಹಾಡು, ಕರವಸ್ತ್ರದ ಹಾಡು ಎಂಬ ಭೇದಗಳಿವೆ. ಕರವಸ್ತ್ರದ್ದು ಎರಡೇ ಸಾಲು. ಹಾಸಿಗೆಯ ಹೊದಿಕೆಯದು ಕಾಲುಗಂಟೆ. ಅದರಲ್ಲಿ ಇನ್ನೊಂದು ತುದಿ ಹಿಡಿಯುವ ಅತ್ತೆಗೆ ಹಿಮ್ಮೇಳದ ಪಾತ್ರ. ಶರ್ಟಿನ ಹಾಡಿನಲ್ಲಿ ಕಾಲರ್ ಬಂದರೆ ಪಲ್ಲವಿ, ಎರಡು ತೋಳಿಗೆ ಎರಡು ಸಮಸಮ ನುಡಿ, ಬೆನ್ನಿಗೆ ಒಂದು ಉದ್ದನೆಯ ನುಡಿ, ಮುಂದಿನ ಪಟ್ಟಿಗೆ ಬಂದಾಗ ಪೆಟ್ಟಿಗೆಯ ಮೂತಿ ಗುಂಡಿಗಳ ನಡುವೆ ನುಸುಳುವಷ್ಟೇ ಚುಟುಕಾದ ಮಾತುಗಳು. ಅರ್ಧತೋಳಿನ ಶರ್ಟಾದರೆ ನುಡಿಯೂ ಅರ್ಧ. ಇದಕ್ಕೆಲ್ಲ ಒಂದೇ ಶಾಸನ, ಅದು ಅತ್ತೆಯದು: ಕಾಲರ್ ನೆಟ್ಟಗಾಗುವ ತನಕ ತೋಳಿಗೆ ಕೈ ಹಾಕಕೂಡದು. ಮೊದಮೊದಲು ಈ ಶಾಸನ ಮುರಿದಾಗಲೆಲ್ಲ ಗುನುಗಿಯ ಮೊಣಕೈಗೆ ಅಡಿಕೋಲಿನ ಏಟು ಬಿದ್ದಿತ್ತು. ಆಮೇಲೆ ಅದು ಮೂಳೆಗೇ ಇಳಿಯಿತು.

ಹಾಡಿನ ವಸ್ತುವೂ ಮೇಜಿನ ಮೇಲೆಯೇ ಸಿಗುತ್ತಿತ್ತು. ಕನಸು, ಬೆಟ್ಟ, ಚಂದ್ರ ಎಂದು ಅಲೆಯಲು ಅವಳಿಗೆ ಪುರುಸೊತ್ತಿರಲಿಲ್ಲ. ಬಸ್ಸಿನ ಡ್ರೈವರನ ಅಂಗಿಯ ಬಲತೋಳು ಎಡತೋಳಿಗಿಂತ ಮಾಸಿರುವುದನ್ನು ಕಂಡು ಅವಳು ಕಟ್ಟಿದ್ದು ಇದು:

ಬಲದ ತೋಳು ಬಿಸಿಲಿಗೆ ಬಿಟ್ಟ,
ಎಡದ ತೋಳು ನೆರಳಿಗೆ ಇಟ್ಟ,
ಊರ ಮಂದಿಯ ಮನೆಗೆ ಮುಟ್ಟಿಸಿ
ತನ್ನ ಮನೆಗೆ ತಡ ಮಾಡಿಬಿಟ್ಟ.

ಇದನ್ನು ಕೇಳಿದ ಡ್ರೈವರನ ಹೆಂಡತಿ, 'ನಾನು ಹದಿನೈದು ವರ್ಷದಿಂದ ಹೇಳ್ತಿರೋದೂ ಇದನ್ನೇ, ರಾಗ ಇಲ್ದೆ ಹೇಳ್ತಿದ್ದೆ ಅಷ್ಟೇ' ಎಂದಳು.

ಇಷ್ಟೆಲ್ಲ ಇದ್ದರೂ ಗುನುಗಿಗೆ ಒಂದು ಕೊರಗಿತ್ತು. ಕರವಸ್ತ್ರದ್ದು ಬಿಟ್ಟರೆ ಅವಳ ಒಂದು ಹಾಡನ್ನೂ ಯಾರೂ ಕೊನೆಯವರೆಗೆ ಕೇಳಿರಲಿಲ್ಲ. ಗಿರಾಕಿಗಳು ಬರುತ್ತಾರೆ, ಕಾಲರಿಗೆ ತಲೆದೂಗುತ್ತಾರೆ, ಒಂದು ತೋಳು ಮುಗಿಯುವಷ್ಟರಲ್ಲಿ ತಮ್ಮ ಗಂಟು ಕೈಗೆ ಸಿಕ್ಕಿ ಹೊರಟುಬಿಡುತ್ತಾರೆ. ಬೆನ್ನಿನ ನುಡಿ ಅವಳಿಗೆ ಎಲ್ಲಕ್ಕಿಂತ ಇಷ್ಟ. ಅದನ್ನು ಕೇಳಿದವಳು ಅತ್ತೆ ಒಬ್ಬಳು. ಅತ್ತೆ ಕೇಳಿದ್ದು ಹಾಡನ್ನಲ್ಲ, ಬಟ್ಟೆ ಮುಗಿಯಿತೋ ಇಲ್ಲವೋ ಎಂಬುದನ್ನು.

'ಅತ್ತೆ, ಒಬ್ಬರಾದ್ರೂ ಕೂತು ಪೂರ್ತಿ ಕೇಳ್ಬೇಕು ಕಣೇ' ಎಂದಳು ಒಂದು ದಿನ.

'ಕೂರೋಕೆ ಇಲ್ಲಿ ಜಾಗ ಎಲ್ಲಿದೆ?' ಎಂದಳು ಅತ್ತೆ.

ಹೀಗಿರುವಾಗ ಊರಿನ ಸಂಗೀತ ಸಂಘದ ಕಾರ್ಯದರ್ಶಿಯವರು ಒಂದು ಮಧ್ಯಾಹ್ನ ತಮ್ಮ ಕೋಟು ಹಿಡಿದು ಅಂಗಡಿಗೆ ಬಂದರು. ಜನಪದ ಗೀತೆಯ ಬೆನ್ನುಬಿದ್ದು ಹತ್ತು ವರ್ಷ ಅಲೆದ ಜೀವ ಅದು. ಎಲ್ಲಿ ಹೋದರೂ ಅವರಿಗೆ ಸಿಕ್ಕಿದ್ದು ಮರೆತುಹೋಯಿತಪ್ಪ ಎನ್ನುವ ಅಜ್ಜಿಯರು, ನೆನಪಿದೆ ಎಂದು ಸಿನಿಮಾ ಹಾಡು ಹೇಳುವ ಅಜ್ಜಂದಿರು. ಗುನುಗಿ ಆಗ ಗುಮಾಸ್ತರೊಬ್ಬರ ಅಂಗಿಯ ಕಾಲರಿನ ಮೇಲಿದ್ದಳು. ದಿನವಿಡೀ ಮೇಲಧಿಕಾರಿಯ ಮುಂದೆ ತಲೆ ಬಗ್ಗಿಸಿ ಬಗ್ಗಿಸಿ ಆ ಕಾಲರಿನ ಮುಂಭಾಗದಲ್ಲಿ ಒಂದು ಶಾಶ್ವತ ಮುದುರು ಬಿದ್ದಿತ್ತು.

ಬಾಗಿದ ಕೊರಳೇ, ಬಳಲಿದ ಕೊರಳೇ,
ಯಾರಿಗೆ ಬಾಗಿ ಬಂದೆ?
ನನ್ನ ಮುಂದೆ ಬಾಗಬೇಡ,
ನೆಟ್ಟಗೆ ನಿಲ್ಲು ತಂದೆ.

ಕಾರ್ಯದರ್ಶಿಯವರ ಕೈಯಿಂದ ಕೋಟು ಜಾರಿತು.

'ಯಾವ ಅಜ್ಜಿ ಹೇಳಿಕೊಟ್ಟಿದ್ದಮ್ಮ ಇದು?'

'ಯಾವ ಅಜ್ಜಿನೂ ಇಲ್ಲ ಸಾರ್. ನಾನೇ ಕಟ್ಟಿದ್ದು.'

ಅವರ ಮುಖ ಸಪ್ಪಗಾಯಿತು. 'ನೋಡಮ್ಮ, ಜನಪದ ಅಂದ್ರೆ ಕಮ್ಮಿ ಅಂದ್ರೂ ನೂರು ವರ್ಷ ಹಳೇದಿರ್ಬೇಕು.'

'ಇದು ಮೊನ್ನೆ ಮಂಗಳವಾರದ್ದು ಸಾರ್.'

'ಸೋಮವಾರದ್ದು,' ಎಂದು ಅತ್ತೆ ಒಳಗಿನಿಂದ ತಿದ್ದಿದಳು. 'ಮಂಗಳವಾರ ಕರೆಂಟೇ ಇರ್ಲಿಲ್ಲ.'

ಕಾರ್ಯದರ್ಶಿಯವರು ಎರಡು ದಿನ ತಮ್ಮೊಡನೆ ತಾವೇ ಜಗಳವಾಡಿ, ನೂರು ವರ್ಷದ ಹಿಂದೆ ಎಲ್ಲ ಹಾಡೂ ಯಾವುದೋ ಒಂದು ಸೋಮವಾರದ್ದೇ ಆಗಿರಬೇಕು ಎಂಬ ಸಮಾಧಾನಕ್ಕೆ ಬಂದರು. ಮೂರನೆಯ ದಿನ ಬಂದು ವಿಷಯ ಹೇಳಿದರು. ಸಂಘದವರು ಪ್ರತಿವರ್ಷ ಒಬ್ಬರು ಹೊಸ ಹಾಡುಗಾರರನ್ನು ಆರಿಸಿ ನಲವತ್ತು ಊರುಗಳ ಸುತ್ತಾಟಕ್ಕೆ ಕರೆದೊಯ್ಯುತ್ತಾರೆ. ಬರುವ ಭಾನುವಾರ ನಾಲ್ಕು ಗಂಟೆಗೆ ಸಭಾಂಗಣದಲ್ಲಿ ಗುನುಗಿ ಒಂದು ಹಾಡು, ಒಂದೇ ಒಂದು, ಮೊದಲಿನಿಂದ ಕೊನೆಯವರೆಗೆ ತಡವರಿಸದೆ ಹಾಡಬೇಕು. ನೂರೈವತ್ತು ಕುರ್ಚಿ ಇದೆ, ಜನ ಕೂತು ಕೇಳುತ್ತಾರೆ.

ಗುನುಗಿಗೆ ನಲವತ್ತು ಊರು ಕಿವಿಗೆ ಬೀಳಲಿಲ್ಲ. ಬಿದ್ದದ್ದು ಕುರ್ಚಿ ಮಾತ್ರ. 'ಕೊನೇವರೆಗೂ ಕೂತಿರ್ತಾರಾ ಸಾರ್?' ಎಂದಳು.

'ಕೂತಿರ್ದೆ ಎಲ್ಲಿಗೆ ಹೋಗ್ತಾರಮ್ಮ. ಬಾಗಿಲ ಹತ್ರ ನಾನೇ ಇರ್ತೀನಿ.'

ಗುರುವಾರ ಸಂಘದ ಕೋಣೆಯಲ್ಲಿ ಅಭ್ಯಾಸ. ಗುನುಗಿ ಬರಿಗೈಯಲ್ಲಿ ನಿಂತು, ಮೇಜಿನ ಅಂಚನ್ನೇ ಕಾಲರೆಂದು ಸವರುತ್ತ ಬಾಗಿದ ಕೊರಳೇ ಎಂದು ಎತ್ತಿಕೊಂಡು, ತಂದೆ ಎಂದು ಮುಗಿಸಿ, ಅಲ್ಲಿಗೇ ನಿಂತಳು. ಹಾರ್ಮೋನಿಯಮ್ಮಿನವರು ಎರಡು ಸುತ್ತು ಬಾರಿಸಿ ಕಾದರು. ಗುನುಗಿಯ ಕಣ್ಣು ಮುಂದಿನ ಗಾಳಿಯಲ್ಲಿ ಒಂದು ತೋಳನ್ನು ಹುಡುಕುತ್ತಿತ್ತು. ತೋಳಿಲ್ಲ, ಆದ್ದರಿಂದ ನುಡಿಯೂ ಇಲ್ಲ.

ಕೈಗೆ ಏನಾದರೂ ಇದ್ದರೆ ಸರಿಹೋದೀತೆಂದು ಕಾರ್ಯದರ್ಶಿಯವರು ಸಂಘದ ಹೆಮ್ಮೆಯಾದ ಹಳೆಯ ಏಕತಾರಿಯನ್ನು ಕೊಟ್ಟರು. ಗುನುಗಿ ಭಕ್ತಿಯಿಂದ ಹಿಡಿದಳು. ಪಲ್ಲವಿಯ ಎರಡನೆಯ ಸಾಲಿಗೆ ಅದನ್ನು ಮಲಗಿಸಿದಳು. ಮೂರನೆಯ ಸಾಲಿಗೆ ಅದರ ಬುರುಡೆಯಿಂದ ಮೇಜಿನ ಬಟ್ಟೆಯನ್ನು ಒತ್ತಿ ಒತ್ತಿ ಸವರತೊಡಗಿದಳು. ನಾಲ್ಕನೆಯ ಸಾಲಿಗೆ ಇದ್ದ ಒಂದು ತಂತಿಯೂ ಕಿತ್ತುಬಂತು. ಮೇಜಿನ ಬಟ್ಟೆಯ ಒಂದು ಮೂಲೆ ಮಾತ್ರ ಎಂದೂ ಇರದಷ್ಟು ನುಣುಪಾಗಿತ್ತು.

ಆ ಸಂಜೆ ಅಂಗಡಿಯಲ್ಲಿ ಗುನುಗಿ ಹಾಡಲಿಲ್ಲ. ಒಂದಾದ ಮೇಲೊಂದು ಪ್ಯಾಂಟು ಸುಮ್ಮನೆ ಮಡಿಸಿಟ್ಟಳು. ಎದುರಿನ ಕ್ಷೌರದಂಗಡಿಯವನು ಗಿರಾಕಿಯ ಅರ್ಧ ಗಲ್ಲ ಬೋಳಿಸಿ ಕತ್ತಿ ಹಿಡಿದೇ ಹೊರಗೆ ಬಂದ.

'ಏನತ್ತೆ, ಹುಡುಗಿಗೆ ಗಂಟಲು ನೋವಾ? ನನ್ನ ಕೈ ಓಡ್ತಿಲ್ಲ.'

'ಗಂಟಲಿಗೇನಾಗಿಲ್ಲ. ದೊಡ್ಡವರ ಸಹವಾಸ ಆಗಿದೆ,' ಎಂದಳು ಅತ್ತೆ. ಅಡಿಕೋಲು ಹಿಡಿದೇ ಸೀದಾ ಸಂಘಕ್ಕೆ ನಡೆದಳು.

'ಇಸ್ತ್ರಿಪೆಟ್ಟಿಗೆ ವೇದಿಕೆ ಮೇಲಾ?' ಎಂದರು ಕಾರ್ಯದರ್ಶಿಯವರು. 'ಅದು ವಾದ್ಯ ಅಲ್ವಲ್ಲಮ್ಮ.'

'ತಬಲಾನ ಸುತ್ತಿಗೇಲಿ ಕುಟ್ತಾ ಇದ್ರಿ ಆವಾಗಿಂದ, ನಾನು ಹೊರಗಡೆ ನಿಂತು ಕೇಳಿಸ್ಕೊಂಡೆ. ಸುತ್ತಿಗೆ ಆಗುತ್ತೆ, ಪೆಟ್ಟಿಗೆ ಆಗಲ್ವಾ?'

'ಅದು ಶ್ರುತಿ ಮಾಡೋದಕ್ಕೆ.'

'ಇದೂ ಅಷ್ಟೇ.'

ಕಾರ್ಯದರ್ಶಿಯವರು ಸೋತರು. ಆದರೆ ಸಭಾಂಗಣ ನೋಡಿಕೊಳ್ಳುವವನು ಸೋಲುವ ಜಾತಿಯವನಲ್ಲ. ಹಲಗೆಯ ವೇದಿಕೆ, ಮಖಮಲ್ಲಿನ ಪರದೆ, ಬಿಸಿ ಪೆಟ್ಟಿಗೆ. ನನ್ನ ಜೀವ ಇರೋ ತನಕ ಆಗಲ್ಲ ಎಂದ. ಕೊನೆಗೆ ರಾಜಿಯಾಯಿತು. ಮೇಜು ಇರಲಿ, ಬಟ್ಟೆ ಇರಲಿ, ಪೆಟ್ಟಿಗೆಯೂ ಇರಲಿ. ಪ್ಲಗ್ಗು ಮಾತ್ರ ಹಾಕಕೂಡದು. ಎಲ್ಲರೂ ಒಪ್ಪಿದರು. ಕೈ ಆಡಿದರೆ ಸಾಕಲ್ಲ. ಕಾರ್ಯದರ್ಶಿಯವರಿಗೆ ಇಸ್ತ್ರಿ ಗೊತ್ತಿರಲಿಲ್ಲ, ಗುನುಗಿಗೆ ವೇದಿಕೆ ಗೊತ್ತಿರಲಿಲ್ಲ. ಎರಡೂ ಗೊತ್ತಿರುವವರು ಊರಿನಲ್ಲಿ ಯಾರೂ ಇರಲಿಲ್ಲ. ಹಾಗಾಗಿ ತಣ್ಣನೆಯ ಪೆಟ್ಟಿಗೆಯಿಂದ ಏನಾದೀತೆಂದು ಯಾರೂ ಯೋಚಿಸಲಿಲ್ಲ.

ಭಾನುವಾರ ನಾಲ್ಕು ಗಂಟೆಗೆ ನೂರೈವತ್ತು ಕುರ್ಚಿಗಳೂ ತುಂಬಿದ್ದವು. ನಮ್ಮ ಬೀದಿಯಂತೂ ಬೀಗ ಹಾಕಿಕೊಂಡು ಬಂದಿತ್ತು. ಮೊದಲ ಸಾಲಿನಲ್ಲಿ ಅತ್ತೆ, ಅವಳ ಪಕ್ಕ ಕ್ಷೌರದಂಗಡಿಯವನು, ಮೂರನೆಯ ಸಾಲಿನಲ್ಲಿ ತಮ್ಮ ಇನ್ನೊಂದು ಅಂಗಿ ತೊಟ್ಟ ಗುಮಾಸ್ತರು. ಬಾಗಿಲ ಬಳಿ ಮಾತು ಕೊಟ್ಟಂತೆ ಕಾರ್ಯದರ್ಶಿಯವರು. ವೇದಿಕೆಯ ಮೇಲೆ ಮೇಜು, ನಾಲ್ಕು ಪದರ ಕಂಬಳಿ, ಅದರ ಹಿಂದೆ ರಣರಂಗಕ್ಕೆ ನಿಂತ ವೀರನಂತೆ, ಎಂದರೆ ಓಡಿಹೋಗಲು ದಾರಿ ಹುಡುಕುತ್ತ, ಗುನುಗಿ.

ಗುಮಾಸ್ತರ ಆ ಮುದುರು ಕಾಲರಿನ ಅಂಗಿ ಹರಡಿದಳು. ನೀರು ಚಿಮುಕಿಸಿದಳು. ಪೆಟ್ಟಿಗೆ ಎತ್ತಿದಳು. ಆ ಭಾರ ಅಂಗೈಗೆ ಕೂತದ್ದೇ ತಡ, ಗಂಟಲು ತೆರೆಯಿತು.

ಬಾಗಿದ ಕೊರಳೇ, ಬಳಲಿದ ಕೊರಳೇ. ಹಾರ್ಮೋನಿಯಮ್ಮಿನವರ ಹುಬ್ಬು ಏರಿತು. ನೆಟ್ಟಗೆ ನಿಲ್ಲು ತಂದೆ ಎಂದು ಮುಗಿಸಿ, ಗುನುಗಿ ಪೆಟ್ಟಿಗೆ ಎತ್ತಿ ನೋಡಿದಳು.

ಕಾಲರಿನ ಮುದುರು ಹಾಗೆಯೇ ಇತ್ತು.

ಮತ್ತೆ ಒತ್ತಿದಳು, ಮತ್ತೆ ಪಲ್ಲವಿ. ಮುದುರು ಇತ್ತು. ಮೂರನೆಯ ಸಲ ಸ್ವಲ್ಪ ಜೋರಾಗಿ ಒತ್ತಿದಳು, ಸ್ವರವೂ ಏರಿತು. ಮುದುರು ಅಲುಗಲಿಲ್ಲ. ನಾಲ್ಕನೆಯ ಸಲಕ್ಕೆ ಇನ್ನಷ್ಟು ನೀರು ಚಿಮುಕಿಸಿದಳು. ಬಾಗಿಲ ಬಳಿ ಕಾರ್ಯದರ್ಶಿಯವರು ಕರವಸ್ತ್ರ ತೆಗೆದರು. ಐದನೆಯ ಸಲಕ್ಕೆ ಹಿಂದಿನ ಸಾಲಿನಿಂದ ಯಾರೋ ಗುನುಗತೊಡಗಿದರು. ಆರನೆಯದಕ್ಕೆ ಕ್ಷೌರದಂಗಡಿಯವನು ತೊಡೆಯ ಮೇಲೆ ತಾಳ ಹಿಡಿದ. ಏಳನೆಯದಕ್ಕೆ ಅರ್ಧ ಸಭೆ ದನಿಗೂಡಿಸಿತು. ನೆಟ್ಟಗೆ ನಿಲ್ಲು ತಂದೆ ಎಂದು ತಾವೇ ಹೇಳಿಕೊಂಡ ಮೇಲೆ ಕುಗ್ಗಿ ಕೂತಿರುವುದು ಹೇಗೆ? ಒಬ್ಬೊಬ್ಬರ ಬೆನ್ನೂ ನೆಟ್ಟಗಾಯಿತು. ಎಂಟನೆಯದಕ್ಕೆ ಮುಖ್ಯ ಅತಿಥಿಗಳೂ ಎಚ್ಚರಗೊಂಡು ಕುರ್ಚಿಯಲ್ಲಿ ಸರಿಯಾಗಿ ಕೂತರು. ಹೊರಗೆ ರಸ್ತೆಯಲ್ಲಿ ಸೈಕಲ್ಲುಗಳು ನಿಂತವು. ಒಂಬತ್ತನೆಯದಕ್ಕೆ ಗುಮಾಸ್ತರು ಗಂಟಲು ಬಿಟ್ಟು ಹಾಡುತ್ತಿದ್ದರು. ಅಷ್ಟು ಎತ್ತರದ ದನಿ ತಮ್ಮಲ್ಲಿದೆಯೆಂದು ಅವರಿಗೇ ಗೊತ್ತಿರಲಿಲ್ಲ.

ಇಡೀ ಸಭೆ ಇದನ್ನು ಹಾಡಿನ ಮಹಿಮೆ ಎಂದುಕೊಂಡಿತ್ತು. ಆಗುತ್ತಿರುವುದೇನೆಂದು ತಿಳಿದವಳು ಅತ್ತೆ ಒಬ್ಬಳು. ವೇದಿಕೆಯ ಮೇಲೆ ಹುಡುಗಿಯ ಹಣೆಯಲ್ಲಿ ಬೆವರಿತ್ತು. ಕಾಲರ್ ಒದ್ದೆ ಮುದ್ದೆಯಾಗಿ ಮೊದಲಿಗಿಂತ ಕೆಟ್ಟಿತ್ತು. ತಣ್ಣನೆಯ ಕಬ್ಬಿಣ ಅದನ್ನು ಈ ಜನ್ಮದಲ್ಲಿ ನೆಟ್ಟಗೆ ಮಾಡುವುದಿಲ್ಲ, ಕಾಲರ್ ನೆಟ್ಟಗಾಗದೆ ಇವಳು ತೋಳಿಗೆ ಹೋಗುವುದಿಲ್ಲ. ಹೀಗೇ ಬಿಟ್ಟರೆ ನೂರೈವತ್ತು ಜನ ಪಲ್ಲವಿ ಹಾಡಿಕೊಂಡು ಮನೆಗೆ ಹೋಗುತ್ತಾರೆ, ಬೆನ್ನಿನ ನುಡಿ ಇವತ್ತೂ ಯಾರ ಕಿವಿಗೂ ಬೀಳುವುದಿಲ್ಲ.

ಹತ್ತನೆಯ ಪಲ್ಲವಿ ಮುಗಿದು ಗುನುಗಿ ಉಸಿರು ತೆಗೆದುಕೊಳ್ಳುವ ಸಂದಿನಲ್ಲಿ ಅತ್ತೆ ಎದ್ದು ನಿಂತಳು.

'ಬಿಡೇ ಅದನ್ನ,' ಎಂದಳು. 'ತೋಳಿಗೆ ಹೋಗು.'

ಗುನುಗಿ ತಲೆಯೆತ್ತಿ ನೋಡಿದಳು. ಹದಿನಾಲ್ಕು ವರ್ಷದಲ್ಲಿ ಆ ಬಾಯಿಂದ ಬರಬಾರದಿದ್ದ ಮಾತು ಬಂದಿತ್ತು. ಸಭೆ ಅಷ್ಟರಲ್ಲಿ ತಾನಾಗಿಯೇ ಹನ್ನೊಂದನೆಯ ಪಲ್ಲವಿ ಎತ್ತಿಕೊಂಡಿತ್ತು. ಅದು ಮುಗಿಯುವವರೆಗೂ ಅವಳು ಪೆಟ್ಟಿಗೆ ಹಿಡಿದು ಕಾಲರನ್ನೇ ನೋಡುತ್ತ ನಿಂತಿದ್ದಳು. ಮುಗಿದ ಮೇಲೆ, ಬದುಕಿನಲ್ಲಿ ಮೊದಲ ಬಾರಿಗೆ ಒಂದು ಕಾಲರನ್ನು ಮುದುರಿದಂತೆಯೇ ಬಿಟ್ಟು, ಬಲತೋಳನ್ನು ಎಳೆದು ಹರಡಿದಳು.

ಹನ್ನೊಂದು ಸಲ ತಟ್ಟಿದ ಬಾಗಿಲು ಕೊನೆಗೆ ತೆರೆದ ಹಾಗಾಯಿತು ಸಭೆಗೆ. ಸಹಿ ಹಾಕಿ ಹಾಕಿ ನೂಲೆದ್ದ ಬಲತೋಳಿನ ನುಡಿ ಬಂತು, ಊಟದ ಹೊತ್ತಿನಲ್ಲಿ ತಲೆಗೆ ದಿಂಬಾಗುವ ಎಡತೋಳಿನ ನುಡಿ ಬಂತು. ಆಮೇಲೆ ಬೆನ್ನು. ನನ್ನ ಮುಖ ಎಲ್ಲರೂ ಬಲ್ಲರು, ಬೆನ್ನ ಬಲ್ಲವರು ಯಾರು, ದಿನವೂ ಹಿಂದೆ ನಿಂತು ನೋಡುವ ಬಾಗಿಲ ಚಿಲಕ ಬಲ್ಲದು ಎಂದು ಅದು ಶುರುವಾಗುತ್ತದೆ. ಆಗ ಯಾರೂ ದನಿಗೂಡಿಸಲಿಲ್ಲ, ಯಾರೂ ಕೆಮ್ಮಲಿಲ್ಲ. ಗುಂಡಿಗಳ ಚುಟುಕು ಮಾತುಗಳಿಗೆ ಜನ ನಕ್ಕರು. ಗುನುಗಿ ಅಂಗಿ ಮಡಿಸಿ, ಮೇಲೆ ಒಮ್ಮೆ ತಟ್ಟಿ, ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ಹಾಡು ಮುಗಿದಿತ್ತು. ಒಂದು ಕುರ್ಚಿಯೂ ಖಾಲಿಯಾಗಿರಲಿಲ್ಲ.

ಚಪ್ಪಾಳೆಯ ವಿಷಯ ಹೇಳಿದರೆ ನಮ್ಮ ಬೀದಿಯವರು ಉತ್ಪ್ರೇಕ್ಷೆ ಮಾಡುತ್ತಾರೆ ಎನ್ನುತ್ತೀರಿ, ಬೇಡ. ಗುಮಾಸ್ತರು ಕಣ್ಣೊರೆಸಿಕೊಂಡು ಪಕ್ಕದವರಿಗೆ, 'ಯಾರದಪ್ಪ ಆ ಅಂಗಿ, ಪುಣ್ಯವಂತ' ಎಂದರು. ಅತ್ತೆ ಮಾತ್ರ ವೇದಿಕೆಯ ಮೇಲೆ ಮಡಿಸಿಟ್ಟ ಅಂಗಿಯನ್ನೇ ನೋಡುತ್ತ, ಏನೋ ವಾಸನೆ ಬಂದವಳಂತೆ ಮೂಗು ಮುರಿದುಕೊಂಡಿದ್ದಳು.

ಕಾರ್ಯದರ್ಶಿಯವರು ಬಾಗಿಲಿನಿಂದ ವೇದಿಕೆಗೆ ಓಡಿಬಂದರು. ಮೈಕು ಹಿಡಿದು, ಈ ವರ್ಷದ ಹೊಸ ದನಿ ಯಾರೆಂದು ಇನ್ನು ಹೇಳಬೇಕಾಗಿಲ್ಲ ಎಂದು ಹೇಳಿ, ಆಮೇಲೆ ಹೇಳಿಯೂ ಹೇಳಿದರು. ಪಲ್ಲವಿಯ ಹನ್ನೊಂದು ಆವರ್ತನೆಗಳ ಬಗ್ಗೆ ಹತ್ತು ನಿಮಿಷ ಮಾತನಾಡಿದರು. ಪಂಡಿತರು ಮರೆತ ಪ್ರಾಚೀನ ಪದ್ಧತಿ ಎಂದರು. ಕೇಳುಗನನ್ನು ಹೊಸ್ತಿಲಲ್ಲೇ ನಿಲ್ಲಿಸಿ ಹದ ಮಾಡುವ ಕಲೆ ಎಂದರು. ಇಂಥ ಧೈರ್ಯವನ್ನು ತಾವು ಹತ್ತು ವರ್ಷದ ಅಲೆದಾಟದಲ್ಲಿ ಎಲ್ಲೂ ಕಂಡಿಲ್ಲ ಎನ್ನುವಾಗ ಅವರ ದನಿ ನಿಜಕ್ಕೂ ನಡುಗಿತು. ಕೊನೆಗೆ ಮೈಕನ್ನು ಗುನುಗಿಯ ಬಾಯಿಗೆ ಹಿಡಿದರು.

'ಹೇಳಮ್ಮ. ಇಡೀ ಸಭೆ ಹನ್ನೊಂದನೇ ಸಲ ನಿನ್ನ ಪಲ್ಲವಿ ಹಾಡ್ತಿದ್ದಾಗ ನೀನು ಕಣ್ಣು ಕೆಳಗೆ ಮಾಡಿ ನಿಂತಿದ್ದೆ. ಆ ಘಳಿಗೇಲಿ ನಿನ್ನ ಮನಸ್ಸಲ್ಲಿ ಏನು ಓಡ್ತಿತ್ತು?'



'ಈ ಅಂಗಿ ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಕೊಡ್ಬೇಕು ಸಾರ್,' ಎಂದಳು ಗುನುಗಿ. 'ಇಲ್ಲಿ ಪ್ಲಗ್ಗು ಎಲ್ಲಿದೆ?'